ಅಟ್ಟದ ಮೇಲಿನ ರತ್ನಾಕರ: ಓದುಗರ ಪ್ರಶ್ನೆ, ಸಂಗೀತ ಟೀಚರ ಉತ್ತರ

ಹಳೆಯ ಸಂಗೀತ ಪುಸ್ತಕ ಮನೆಯಲ್ಲಿದ್ದರೆ ಬರೆಯಿರಿ ಎಂದು ಹೋದ ತಿಂಗಳು ಕೇಳಿದ್ದೆ. ಪತ್ರಗಳು ಪೆರ್ಲದಿಂದ ಹಿಡಿದು ಅಕ್ಕಲಕೋಟೆವರೆಗೆ ಎಲ್ಲೆಲ್ಲಿಂದಲೋ ಬಂದಿವೆ. ಕರ್ನಾಟಕದ ಹೊರಗೆ, ಗಡಿಯ ಆಚೆ ಬದಿಯಲ್ಲಿ ಕೂತು ಕನ್ನಡದಲ್ಲಿ ಕಾಗದ ಬರೆಯುವವರೇ ಜಾಸ್ತಿ. ನಾನೂ ಅವರಲ್ಲಿ ಒಬ್ಬಳು. ಬದಿಯಡ್ಕದ ಹತ್ತಿರ ಮನೆ, ಶಾಲೆಯಲ್ಲಿ ಪಾಟು (ಹಾಡಿನ) ಟೀಚರ್ ಆಗಿ ನಿವೃತ್ತಿಯಾದವಳು. ಆರು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಟೀಚರೇ, ಹಳೆ ಮನೆ ಮುರಿಸುವಾಗ ಅಟ್ಟದಲ್ಲಿ ಅಜ್ಜನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ದೇವನಾಗರಿಯಲ್ಲಿ ಅಚ್ಚಾದ ಒಂದು ದಪ್ಪ ಪುಸ್ತಕ ಉಂಟು. 'ಸಂಗೀತರತ್ನಾಕರ' ಎಂದು ಓದಲು ಬರುತ್ತದೆ. ಪುಣೆ, ಶಕ 1818 ಎಂದೂ ಇದೆ. ಹಾಳೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಇಡಬೇಕೇ, ಬಿಡಬೇಕೇ? (ಪೆರ್ಲ)

ಉತ್ತರ: ದಯವಿಟ್ಟು ಬಿಡಬೇಡಿ. ನಿಮ್ಮ ಪತ್ರ ಓದಿ ನಾನು ಎರಡು ಸಲ ಎದ್ದು ಕೂತೆ.

ಶಕ 1818ಕ್ಕೆ 78 ಕೂಡಿಸಿ. 1896 ಆಯಿತು. ಪುಣೆಯ ಆನಂದಾಶ್ರಮ ಪ್ರಕಾಶನದವರು ಆ ವರ್ಷ ಸಂಗೀತರತ್ನಾಕರ ಎಂಬ ಸಂಸ್ಕೃತದ ಸಂಗೀತಶಾಸ್ತ್ರ ಗ್ರಂಥದ ಮೊದಲ ಭಾಗ ಅಚ್ಚು ಹಾಕಿದರು. 1897ರಲ್ಲಿ ಎರಡನೆಯದು ಬಂತು. ಸಂಪಾದಿಸಿದವರು ಮಂಗೇಶ ರಾಮಕೃಷ್ಣ ತೆಲಂಗ. ಅದಕ್ಕೂ ಮೊದಲು, 1879ರಲ್ಲಿ, ಕಲಕತ್ತೆಯಲ್ಲಿ ಸ್ವರಾಧ್ಯಾಯ ಎಂಬ ಮೊದಲ ಅಧ್ಯಾಯ ಮಾತ್ರ ಅಚ್ಚಾಗಿತ್ತು. ಏಳು ಅಧ್ಯಾಯವೂ ಸೇರಿದ ಇಡೀ ಗ್ರಂಥ ಓದುಗರ ಕೈಗೆ ಬಂದದ್ದು ಈ ಪುಣೆಯ ಅಚ್ಚಿನಿಂದ. ಬರೆದದ್ದು ಹದಿಮೂರನೇ ಶತಮಾನದಲ್ಲಿ, ಅಚ್ಚಾದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ನಡುವಿನ ಆರು ನೂರು ವರ್ಷಕ್ಕೂ ಮೇಲ್ಪಟ್ಟು ಅದನ್ನು ಉಳಿಸಿದ್ದು ಕೈಯಲ್ಲಿ ನಕಲು ಮಾಡಿದವರು.

ಬರೆದವನು ಶಾರ್ಙ್ಗದೇವ. ಅವನ ಅಜ್ಜ ಕಾಶ್ಮೀರದಿಂದ ದಕ್ಷಿಣಕ್ಕೆ ಬಂದವನು. ಶಾರ್ಙ್ಗದೇವ ದೇವಗಿರಿಯ ಯಾದವ ದೊರೆ ಸಿಂಘಣನ ಹತ್ತಿರ ಲೆಕ್ಕಪತ್ರ ನೋಡಿಕೊಳ್ಳುವ ಅಧಿಕಾರಿ ಆಗಿದ್ದ. ಹಗಲೆಲ್ಲ ಲೆಕ್ಕ ಬರೆದು 264 ರಾಗ, 120 ದೇಶೀ ತಾಳಗಳನ್ನು ಒಂದೊಂದಾಗಿ ಕೂಡಿಸಿಟ್ಟ ಮನುಷ್ಯ ಅವನು. ನಿಮ್ಮ ಪ್ರತಿಯಲ್ಲಿ ಶ್ಲೋಕದ ಜೊತೆಗೇ ಗದ್ಯದಲ್ಲಿ ಒಂದು ವ್ಯಾಖ್ಯಾನ ಇರುತ್ತದೆ, ನೋಡಿ. ಅದು ಕಲ್ಲಿನಾಥನ 'ಕಲಾನಿಧಿ'. ಕಲ್ಲಿನಾಥ ಹದಿನೈದನೇ ಶತಮಾನದಲ್ಲಿ ವಿಜಯನಗರದಲ್ಲಿ ಇದ್ದವನು. ನಮ್ಮವನೇ ಅಲ್ವಾ!

ಈಗ ಕೆಲಸದ ಮಾತು. ಪುಸ್ತಕವನ್ನು ಬಿಸಿಲಿಗೆ ಇಡಬೇಡಿ. ಪ್ಲಾಸ್ಟಿಕ್ ಚೀಲದಲ್ಲೂ ಕಟ್ಟಿಡಬೇಡಿ, ಮಳೆಗಾಲದಲ್ಲಿ ಒಳಗೇ ಬೆವರಿ ಬೂಸು ಹಿಡಿಯುತ್ತದೆ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡಿ. ಕೆಲವೇ ವರ್ಷದಲ್ಲಿ ಅದರ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ತೊಳೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಮೇಲೆ, ಗೋಡೆಗೆ ತಾಗದ ಹಾಗೆ ಮಲಗಿಸಿ ಇಡಿ. ಎಣ್ಣೆ ಹಚ್ಚಲೇಬೇಡಿ! ತಾಳೆಗರಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚುವುದನ್ನು ನೋಡಿದವರು ಕಾಗದಕ್ಕೂ ಹಚ್ಚುತ್ತಾರೆ. ಗರಿಗೆ ಅದು ಒಳ್ಳೆಯದು, ಕಾಗದಕ್ಕೆ ವಿಷ. ಮತ್ತೆ ಹಾಳೆ ಮುರಿಯುವುದು ಹುಳದಿಂದ ಅಲ್ಲ. ಆ ಕಾಲದ ಕಾಗದ ಜಾಸ್ತಿಯಾಗಿ ಮರದ ತಿರುಳಿನದ್ದು, ಅದರೊಳಗೇ ಹುಳಿ ಇರುತ್ತದೆ. ಒರಲೆ ಮುಟ್ಟದಿದ್ದರೂ ಅದು ತಾನಾಗಿಯೇ ಒಳಗಿಂದ ಸುಟ್ಟುಕೊಳ್ಳುತ್ತಾ ಹೋಗುತ್ತದೆ. ಆದ್ದರಿಂದ ಮೊದಲು ಫೋನಿನಲ್ಲಿ ಪುಟ ಪುಟವಾಗಿ ಫೋಟೋ ತೆಗೆಯಿರಿ. ಹೊದಿಕೆ, ಖಾಲಿ ಹಾಳೆ, ಅಜ್ಜನ ಸಹಿ, ಮಧ್ಯೆ ಸಿಕ್ಕಿಸಿದ ಚೀಟಿ, ಒಂದನ್ನೂ ಬಿಡಬೇಡಿ.

ಬೈಂಡಿಂಗಿಗೆ ಕೊಡುವ ಯೋಚನೆ ಇದ್ದರೆ ಈ ಕತೆ ಕೇಳಿ. ಇದೇ ಗ್ರಂಥವನ್ನು ಮದರಾಸಿನ ಅಡ್ಯಾರ್ ಗ್ರಂಥಾಲಯದವರು 1943ರಿಂದ 1953ರವರೆಗೆ ನಾಲ್ಕು ಸಂಪುಟಗಳಲ್ಲಿ ತಂದರು. ಸಂಪಾದಕರು ಎಸ್. ಸುಬ್ರಹ್ಮಣ್ಯ ಶಾಸ್ತ್ರಿಗಳು. ಕಲ್ಲಿನಾಥನ ಜೊತೆ ಸಿಂಹಭೂಪಾಲನ ವ್ಯಾಖ್ಯಾನವೂ ಅದರಲ್ಲಿದೆ. ನನಗೆ ವೀಣೆ ಕಲಿಸಿದ ಗುರುಗಳ ಹತ್ತಿರ ಅದರ ಮೊದಲ ಸಂಪುಟ ಇತ್ತು. ಅದರ ಅಂಚಿನ ತುಂಬಾ ಪೆನ್ಸಿಲಿನಲ್ಲಿ ಕನ್ನಡದ ಟಿಪ್ಪಣಿ. ಯಾವ ಶ್ರುತಿಗೆ (ನಾದದ ಅತಿ ಸಣ್ಣ ಅಂತರಕ್ಕೆ) ವೀಣೆಯಲ್ಲಿ ಬೆರಳು ಎಲ್ಲಿ ಬೀಳಬೇಕು, ಎರಡು ವ್ಯಾಖ್ಯಾನದಲ್ಲಿ ಯಾವುದು ಸರಿ ಕಾಣುತ್ತದೆ, ಹೀಗೆ. ಅವರು ತೀರಿಕೊಂಡ ಮೇಲೆ ಅದು ನನಗೆ ಬಂತು. ಹೊಲಿಗೆ ಬಿಟ್ಟಿತ್ತು. ಚೆನ್ನಾಗಿರಲಿ ಎಂದು ಒಂದು ಅಂಗಡಿಗೆ ಕೊಟ್ಟೆ.

ವಾರ ಬಿಟ್ಟು ಹೋದರೆ ಕೆಂಪು ರಟ್ಟು, ಬಂಗಾರದ ಅಕ್ಷರ. ತೆರೆದು ನೋಡಿದೆ. ಮೂರು ಬದಿಯನ್ನೂ ಯಂತ್ರದಲ್ಲಿ ಸಮಾ ಕತ್ತರಿಸಿದ್ದರು. ಗುರುಗಳ ಒಂದೊಂದು ಸಾಲಿನಲ್ಲಿ ಅರ್ಧ ಉಳಿದಿದೆ, ಅರ್ಧ ಹೋಗಿದೆ. 'ಇಲ್ಲಿ ಕಲ್ಲಿನಾಥ ಹೇಳುವುದು' ಎಂದು ಒಂದು ಕಡೆ ಇದೆ. ಏನು ಹೇಳುವುದು ಎನ್ನುವುದು ಆ ಅಂಗಡಿಯ ಕಸದಲ್ಲಿ ಹೋಯಿತು. ಬಿಡಿಯಾಗಿದ್ದ ತಪ್ಪೊಪ್ಪಿನ ಹಾಳೆಯೂ ಇರಲಿಲ್ಲ. ಆ ದಿನ ಬಸ್ಸಿನಲ್ಲಿ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಅತ್ತುಕೊಂಡೇ ಬಂದೆ. ಇಪ್ಪತ್ತು ವರ್ಷ ಆಯಿತು, ಇವತ್ತಿಗೂ ಆ ಪುಟ ತೆರೆಯಲು ಕೈ ಬರುವುದಿಲ್ಲ.

ಕೈಯಲ್ಲಿ ಗ್ರಂಥ ನಕಲು ಮಾಡುವವರು ಕೊನೆಗೆ ಒಂದು ಶ್ಲೋಕ ಬರೆಯುತ್ತಿದ್ದರು. 'ತೈಲಾದ್ ರಕ್ಷ ಜಲಾದ್ ರಕ್ಷ ರಕ್ಷ ಶಿಥಿಲಬಂಧನಾತ್.' ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು ಎಂದು ಪುಸ್ತಕವೇ ಬೇಡಿಕೊಳ್ಳುತ್ತದೆ. ಕತ್ತರಿಯ ವಿಷಯ ಅದರಲ್ಲಿಲ್ಲ, ನಾನು ಸೇರಿಸುತ್ತೇನೆ. ಬೈಂಡ್ ಮಾಡಿಸುವುದಾದರೆ 'ಅಂಚು ಕತ್ತರಿಸಬಾರದು' ಎಂದು ಮೊದಲ ಹಾಳೆಯ ಮೇಲೆ ಚೀಟಿ ಇಟ್ಟು, ಬಾಯಲ್ಲೂ ಹೇಳಿ, ಎದುರೇ ನಿಂತು ಮಾಡಿಸಿ. ನಿಮ್ಮ ಪುಸ್ತಕಕ್ಕೆ ಈಗ ಅದೂ ಬೇಡ. ಬಟ್ಟೆಯಲ್ಲಿ ಸುತ್ತಿದರೆ ಸಾಕು.

ಪ್ರಶ್ನೆ: ಟೀಚರ್, ಈಗ ಯಾರೂ ಆ ರಾಗಗಳನ್ನು ಹಾಡುವುದಿಲ್ಲ. ಪರೀಕ್ಷೆಗೆ ಗ್ರಂಥದ ಹೆಸರು, ಬರೆದವರ ಹೆಸರು ಬಾಯಿಪಾಠ ಮಾಡಿದರೆ ಆಯಿತು. ಮತ್ತೆ ಮತ್ತೆ ಅಚ್ಚು ಹಾಕುವುದು ಯಾಕೆ? (ವಿದ್ಯಾರ್ಥಿನಿ, ನೀರ್ಚಾಲು)

ಉತ್ತರ: ಮಗಾ, ನಿನ್ನ ಪ್ರಶ್ನೆ ನ್ಯಾಯವಾದದ್ದು. ಹಾಡುವ ಸಂಗೀತ ಬೇರೆ, ಪುಸ್ತಕದ ಸಂಗೀತ ಬೇರೆ ಎನ್ನುವುದು ಕಲ್ಲಿನಾಥನಿಗೂ ಗೊತ್ತಿತ್ತು. ಶಾರ್ಙ್ಗದೇವ ಬರೆದದ್ದು ತನ್ನ ಕಾಲದ ಹಾಡಿಗೆ ಹೊಂದುವುದಿಲ್ಲ ಎಂದು ಅವನು ಚರ್ಚೆ ಮಾಡುತ್ತಾನೆ. ಲಕ್ಷಣ, ಅಂದರೆ ಪುಸ್ತಕದ ನಿಯಮ, ಒಂದು; ಲಕ್ಷ್ಯ, ಅಂದರೆ ಹಾಡುವ ರೂಢಿ, ಇನ್ನೊಂದು. ಹಾಗೆಂದು ಅವನು ಗ್ರಂಥವನ್ನು ಮೂಲೆಗೆ ಹಾಕಲಿಲ್ಲ. ಏನು ಬದಲಾಯಿತು ಎಂದು ಗೊತ್ತಾಗಬೇಕಾದರೆ ಮೊದಲು ಏನಿತ್ತು ಎನ್ನುವುದು ಕೈಯಲ್ಲಿ ಇರಬೇಕು.

ನಿನ್ನ ಊರಲ್ಲಿ ರಾತ್ರಿ ಯಕ್ಷಗಾನದ ಆಟ ನೋಡಿರುತ್ತೀಯಲ್ಲ? ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗದ ಪದಕ್ಕೆ ಭಾಗವತರು ಏಕತಾಳ ಹಾಕುತ್ತಾರೆ. ರತ್ನಾಕರದ ಪ್ರಬಂಧಾಧ್ಯಾಯ, ಅಂದರೆ ಹಾಡಿನ ಕಟ್ಟುಗಳ ಅಧ್ಯಾಯ, ತೆರೆ. ಸಾಲಗಸೂಡ ಎಂಬ ಹಾಡಿನ ಗುಂಪಿನಲ್ಲಿ ಧ್ರುವ, ಮಂಠ, ಪ್ರತಿಮಂಠ ಎಂದು ಶುರುವಾಗಿ ಕೊನೆಗೆ ಏಕತಾಲಿ ಬರುತ್ತದೆ. ಅದೇ ಅಧ್ಯಾಯದಲ್ಲಿ ಏಲಾ ಎಂಬ ಹಾಡಿನ ವಿಷಯ ಹೇಳುತ್ತಾ ಶಾರ್ಙ್ಗದೇವ ಕರ್ಣಾಟ ಏಲಾ ಎಂದೇ ಒಂದು ಬಗೆ ಕೊಡುತ್ತಾನೆ. ಅದೇ ಇದು ಎಂದು ನಾನು ಹೇಳುವುದಿಲ್ಲ. ಹೆಸರು ಒಂದೇ ಆದರೆ ನಡೆ ಒಂದೇ ಆಗಬೇಕೆಂದಿಲ್ಲ. ಆದರೆ ಚೆಂಡೆಯ ಪೆಟ್ಟು ಕೇಳಿ ಬೆಳೆದ ಹುಡುಗಿ ಆ ಪುಟ ಓದಿದರೆ ಅವಳಿಗೆ ಬೇರೆಯವರಿಗೆ ಕಾಣದ್ದು ಕಾಣಬಹುದು. ಹೆಸರು ಬಾಯಿಪಾಠ ಮಾಡಿದರೆ ಏನೂ ಕಾಣುವುದಿಲ್ಲ.

ಇನ್ನೊಂದು ಹೇಳುತ್ತೇನೆ. ಸ್ವರಾಧ್ಯಾಯದಲ್ಲಿ 22 ತಂತಿಯ ಎರಡು ವೀಣೆಗಳ ಪ್ರಯೋಗ ಬರುತ್ತದೆ. ಮೊದಲ ತಂತಿ ತೀರಾ ತಗ್ಗು, ಮುಂದಿನದ್ದು ಒಂಚೂರು ಮೇಲೆ. ಎಷ್ಟು ಮೇಲೆ ಎಂದರೆ ಎರಡರ ನಡುವೆ ಇನ್ನೊಂದು ನಾದ ತೂರಬಾರದು, ಅಷ್ಟು. ಒಂದು ವೀಣೆ ಹಾಗೇ ಇರಬೇಕು, ಇನ್ನೊಂದನ್ನು ಒಂದೊಂದೇ ಶ್ರುತಿ ಇಳಿಸುತ್ತಾ ಹೋಗಬೇಕು. ಎರಡು ತಂಬೂರಿ ಇಟ್ಟುಕೊಂಡು ಬರೀ ನಾಲ್ಕು ತಂತಿಯಲ್ಲಿ ನಾನು ಇದನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ಬಿರಡೆ ಒಂದು ಕೂದಲಿನಷ್ಟು ತಿರುಗಿದಾಗ 'ಈಗ ಬದಲಾಯ್ತು' ಎಂದು ಮಕ್ಕಳು ಒಟ್ಟಿಗೇ ಕೂಗುತ್ತಿದ್ದರು. ಎಂಟು ನೂರು ವರ್ಷದ ಹಿಂದಿನ ಸಾಲು ಅದು. ಅಚ್ಚಿನಲ್ಲಿ ಇಲ್ಲದಿದ್ದರೆ ನನ್ನಂಥ ಶಾಲೆ ಟೀಚರಿಗೆ ಎಲ್ಲಿ ಸಿಗುತ್ತಿತ್ತು ಹೇಳು.

ಪ್ರಶ್ನೆ: 72 ಮೇಳ ಮಾಡಿದ ವೆಂಕಟಮಖಿ ಕನ್ನಡದವರು ಎನ್ನುತ್ತಾರೆ, ನಿಜವೇ? ಅವರ ಪುಸ್ತಕ ಮೊದಲು ಯಾವಾಗ ಅಚ್ಚಾಯಿತು? ನಮ್ಮ ಕಡೆ ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ನಾವು ಓದಲು ಆಗುತ್ತದೆಯೇ? (ಮಡಕಶಿರಾ)

ಉತ್ತರ: ನಿಜ. ಅವರ ತಂದೆ ಗೋವಿಂದ ದೀಕ್ಷಿತರು, ತಂಜಾವೂರು ನಾಯಕರ ಮಂತ್ರಿ, ಕನ್ನಡ ಮನೆತನದವರು. ಮಗ ಬರೆದದ್ದು 'ಚತುರ್ದಂಡೀ ಪ್ರಕಾಶಿಕೆ'. ಮೇಳ ಎಂದರೆ ರಾಗಗಳನ್ನು ವಿಂಗಡಿಸುವ ಸ್ವರಗಳ ಗುಂಪು. ಆಗ ಬಳಕೆಯಲ್ಲಿದ್ದ ಮೇಳ 19 ಮಾತ್ರ. ಅವರು ಲೆಕ್ಕ ಹಾಕಿ 72 ಎಂದರು. ಇದರಲ್ಲಿ ಒಂದು ಹೆಚ್ಚು ಮಾಡಲು, ಒಂದು ಕಡಿಮೆ ಮಾಡಲು ಶಿವನಿಂದಲೂ ಆಗದು ಎಂದು ಧೈರ್ಯವಾಗಿ ಬರೆದರು.

ಇಷ್ಟು ದೊಡ್ಡ ಪುಸ್ತಕ ಉಳಿದ ಬಗೆ ನೋಡಿ. 1904ರಲ್ಲಿ ಮುಂಬಯಿಯ ಸಂಗೀತ ವಿದ್ವಾಂಸ ಭಾತಖಂಡೆ ಹಳೆ ಗ್ರಂಥ ಹುಡುಕುತ್ತಾ ದಕ್ಷಿಣಕ್ಕೆ ಬಂದರು. ತಮಿಳು ನಾಡಿನ ಎಟ್ಟಯಪುರದಲ್ಲಿ ಸಂಗೀತ ವಿದ್ವಾಂಸ ಸುಬ್ಬರಾಮ ದೀಕ್ಷಿತರನ್ನು ಕಂಡರು. ಚತುರ್ದಂಡಿಯ ಪ್ರತಿ ಅವರಿಗೆ ಸಿಕ್ಕಿದ್ದು ಅಲ್ಲಿ. ಆಮೇಲೆ ಅದನ್ನೂ ಇನ್ನೂ ಹಲವು ಸಣ್ಣ ಗ್ರಂಥಗಳನ್ನೂ ಅವರು ಅಚ್ಚು ಹಾಕಿಸಿದರು. 1934ರಲ್ಲಿ ಮದರಾಸ್ ಮ್ಯೂಸಿಕ್ ಅಕಾಡೆಮಿ ತನ್ನ ಆವೃತ್ತಿ ತಂದಿತು. ಅಷ್ಟಾದರೂ ಪುಸ್ತಕ ಪೂರ್ತಿ ಇಲ್ಲ. ಒಂಬತ್ತನೇ ಪ್ರಕರಣ ನಡುವೆಯೇ ನಿಲ್ಲುತ್ತದೆ. ಹತ್ತನೆಯದು, ತಾಳದ್ದು, ಇಲ್ಲವೇ ಇಲ್ಲ. ಹೋದ ತಾಳೆಯೋಲೆ ಹೋಯಿತು. ಎಷ್ಟು ಸಲ ಮರುಮುದ್ರಣ ಮಾಡಿದರೂ ಅದು ತಿರುಗಿ ಬರುವುದಿಲ್ಲ. ಮುಂದೆ ಮೈಸೂರಿನ ರಾ. ಸತ್ಯನಾರಾಯಣರು ಇದನ್ನು ಮತ್ತೆ ಸಂಪಾದಿಸಿದರು. ಅವರು ರತ್ನಾಕರಕ್ಕೆ ಕನ್ನಡದಲ್ಲೇ ವ್ಯಾಖ್ಯಾನ ಬರೆದವರು. ಸಿಕ್ಕರೆ ಬಿಡಬೇಡಿ.

ತೆಲುಗು ಓದಲು ಬರುವುದು ನಿಮ್ಮ ಭಾಗ್ಯ! ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' 1904ರಲ್ಲಿ ಎಟ್ಟಯಪುರದ ಸಂಸ್ಥಾನದ ಅಚ್ಚುಕೂಟದಲ್ಲಿ ತೆಲುಗು ಲಿಪಿಯಲ್ಲೇ ಅಚ್ಚಾಯಿತು. ಬರೆಯಲೇಬೇಕು ಎಂದು ಹಟ ಹಿಡಿದವರಲ್ಲಿ ಚಿನ್ನಸ್ವಾಮಿ ಮುದಲಿಯಾರ್ ಮುಖ್ಯರು. ಸ್ವರವನ್ನು ಆಡಿಸುವ ಒಂದೊಂದು ಗಮಕಕ್ಕೂ ಅದರಲ್ಲಿ ಒಂದೊಂದು ಗುರುತು ಇದೆ. ಸ್ವರದ ತಲೆಯ ಮೇಲೆ ಸಣ್ಣ ಸಣ್ಣ ಗೆರೆ, ಕೊಕ್ಕೆ. ಮ್ಯೂಸಿಕ್ ಅಕಾಡೆಮಿ 1961ರಿಂದ ತಮಿಳಿನಲ್ಲಿ ಸಂಪುಟ ಸಂಪುಟವಾಗಿ ತಂದಿತು. ತುಂಬಾ ಜನಕ್ಕೆ ಉಪಕಾರವಾಯಿತು. ಆದರೂ ಮೂಲದ ಲಿಪಿಯಲ್ಲಿ ಓದುವ ಸುಖವೇ ಬೇರೆ. ನಾನು ತೆಲುಗು ಶಾಲೆಯಲ್ಲಿ ಕಲಿತವಳಲ್ಲ. ಕನ್ನಡದ ಅಕ್ಕನ ಹಾಗಿರುವ ಲಿಪಿ ಅಂತ ತಲೆಕಟ್ಟು ಗುರುತಿಸಿ ಗುರುತಿಸಿ ಒಂದು ರಾಗ ಓದಲು ಒಂದು ವಾರ ಹಿಡಿಯಿತು. ನಿಮಗೆ ಒಂದು ಸಂಜೆ ಸಾಕು.

ಪ್ರಶ್ನೆ: ಕನ್ನಡ ನಾಡಿನ ದೊರೆ ಯಾರಾದರೂ ಸಂಗೀತದ ಬಗ್ಗೆ ಬರೆದಿದ್ದಾರೆಯೇ? (ಅಕ್ಕಲಕೋಟೆ)

ಉತ್ತರ: ನಿಮ್ಮ ಊರಿನಿಂದ ಬಸವಕಲ್ಯಾಣ ದೂರ ಏನಲ್ಲ. ಅಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನದ್ದೇ 'ಮಾನಸೋಲ್ಲಾಸ', ಹನ್ನೆರಡನೇ ಶತಮಾನದ್ದು. ನೂರು ಅಧ್ಯಾಯ. ಅಡುಗೆ, ಆನೆ, ಕುದುರೆ ಎಲ್ಲ ಉಂಟು. ಹಾಡಿನ ಉದಾಹರಣೆ ಕೊಡುವಾಗ ಕನ್ನಡವನ್ನೂ ಬಿಟ್ಟಿಲ್ಲ. ಬರೋಡಾದ ಗಾಯಕವಾಡ ಗ್ರಂಥಮಾಲೆಯಲ್ಲಿ ಇದರ ಮೊದಲ ಸಂಪುಟ 1925ರಲ್ಲಿ ಬಂತು, ಎರಡನೆಯದು 1939ರಲ್ಲಿ. ಗೀತ, ನೃತ್ಯದ ಭಾಗ ಇರುವ ಮೂರನೆಯದು 1961ರಲ್ಲಿ. ಮೊದಲ ಸಂಪುಟ ಕೊಂಡ ಸಂಗೀತದವರು 36 ವರ್ಷ ಕಾಯಬೇಕಾಯಿತು.

ಅದೇ ಮಾಲೆಯಲ್ಲಿ ಭರತನ ನಾಟ್ಯಶಾಸ್ತ್ರವೂ ಅಭಿನವಗುಪ್ತನ ವ್ಯಾಖ್ಯಾನದ ಜೊತೆ ಬಂತು. ಮೊದಲ ಸಂಪುಟ 1926, ಸಂಗೀತದ ಅಧ್ಯಾಯಗಳಿರುವ ನಾಲ್ಕನೆಯದು 1964. ಮಾನವಲ್ಲಿ ರಾಮಕೃಷ್ಣ ಕವಿಗಳು ಜೀವಮಾನವಿಡೀ ಅದಕ್ಕೆ ದುಡಿದರು. ಆ ನಾಲ್ಕನೇ ಸಂಪುಟ ಹೊರಬರುವಾಗ ಅವರು ಇರಲಿಲ್ಲ. ಆ ವ್ಯಾಖ್ಯಾನದ ಓಲೆಗಳು ಸಿಕ್ಕಿದ್ದು ಮಲಬಾರಿನಲ್ಲಿ. ಎಷ್ಟು ತಪ್ಪು ತುಂಬಿತ್ತೆಂದರೆ, ಅಭಿನವಗುಪ್ತನೇ ಸ್ವರ್ಗದಿಂದ ಇಳಿದು ಬಂದು ನೋಡಿದರೂ ತಾನು ಬರೆದದ್ದನ್ನು ಸರಿಪಡಿಸುವುದು ಕಷ್ಟ ಎಂದು ಒಬ್ಬ ವಿದ್ವಾಂಸರು ಹೇಳಿದ್ದನ್ನು ಕವಿಗಳು ಮುನ್ನುಡಿಯಲ್ಲಿ ಬರೆದಿದ್ದಾರೆ. ಅಂಥ ಓಲೆಯಿಂದ ಒಂದೊಂದು ಸಾಲು ಬಿಡಿಸಿದ ಮನುಷ್ಯನ ಕಣ್ಣು ಏನಾಗಿರಬೇಕು ಎಂದು ನಾನು ಆಗಾಗ ಯೋಚಿಸುತ್ತೇನೆ.

ಪ್ರಶ್ನೆ: ಎಲ್ಲ ಪಿಡಿಎಫ್ ಸಿಗುತ್ತದೆ. ಮರುಮುದ್ರಣಕ್ಕೆ ದುಡ್ಡು ಕೊಡುವುದು ಸುಮ್ನೆ ದಂಡ ಅಲ್ವಾ? (ಹೊಸೂರು)

ಉತ್ತರ: ಪಿಡಿಎಫ್ ಇರಲಿ, ನಾನೂ ಇಟ್ಟುಕೊಂಡಿದ್ದೇನೆ. ಆದರೆ ಪುಟ ಎಣಿಸಿ ನೋಡಿ. ಮಡಚಿದ ದೊಡ್ಡ ಪಟ್ಟಿಯನ್ನು ಬಿಡಿಸದೆ ಹಾಗೇ ಸ್ಕ್ಯಾನ್ ಮಾಡಿರುತ್ತಾರೆ. ನಡುವೆ ಎರಡು ಪುಟ ಒಟ್ಟಿಗೆ ತಿರುಗಿರುತ್ತವೆ. ಕೊಳ್ಳುವ ಪುಸ್ತಕದಲ್ಲೂ ಎಚ್ಚರ ಬೇಕು. ಕೆಲವು ಮರುಮುದ್ರಣಗಳಲ್ಲಿ ಹೊಸ ವರ್ಷ ಮಾತ್ರ ಇರುತ್ತದೆ, ಮೂಲ ಅಚ್ಚಿನ ವರ್ಷವೇ ಇರುವುದಿಲ್ಲ. ಸಂಪಾದಕರ ಮುನ್ನುಡಿ ತೆಗೆದಿರುತ್ತಾರೆ. ಯಾವ ಊರಿನ ಯಾವ ಓಲೆಯಿಂದ ಈ ಪಾಠ ಬಂತು, ಎಲ್ಲಿ ಓಲೆ ಹುಳ ತಿಂದಿತ್ತು, ಎಲ್ಲಿ ಊಹಿಸಿ ತುಂಬಿದ್ದಾರೆ ಎನ್ನುವುದೆಲ್ಲ ಆ ಮುನ್ನುಡಿಯಲ್ಲಿ, ಅಡಿಟಿಪ್ಪಣಿಯಲ್ಲಿ ಇರುವುದು. ಅದು ಹೋದರೆ ಊಹೆಯೂ ಗ್ರಂಥಕಾರನ ಮಾತಾಗಿಬಿಡುತ್ತದೆ.

ಮತಂಗನ 'ಬೃಹದ್ದೇಶಿ' ನೋಡಿ. ರಾಗ ಎಂದರೆ ಏನು ಎಂದು ಬಿಡಿಸಿ ಹೇಳಿದ ಹಳೆಯ ಗ್ರಂಥ. 1928ರಲ್ಲಿ ತಿರುವನಂತಪುರದಲ್ಲಿ ಸಾಂಬಶಿವ ಶಾಸ್ತ್ರಿಗಳು ಅಚ್ಚು ಹಾಕಿಸಿದರು. ಅದೂ ಅಪೂರ್ಣ. ವಾದ್ಯದ ಭಾಗ ಸಿಕ್ಕಿಲ್ಲ. ಆ ಅಚ್ಚನ್ನು ಇಟ್ಟುಕೊಂಡೇ ಮುಂದೆ ಪ್ರೇಮಲತಾ ಶರ್ಮಾ ಪಾಠ ಪರಿಷ್ಕರಿಸಿ, 1992ರಲ್ಲಿ ದೆಹಲಿಯಿಂದ ಹೊಸ ಆವೃತ್ತಿಯ ಮೊದಲ ಭಾಗ ತಂದರು. ಅದು ನಿಜವಾದ ಮರುಮುದ್ರಣ ಎನ್ನುತ್ತೇನೆ ನಾನು. ನಕಲು ಯಂತ್ರದಲ್ಲಿ ಹಾಕಿ ರಟ್ಟು ಬದಲಿಸುವುದಲ್ಲ. ಅಂಥ ಪುಸ್ತಕಕ್ಕೆ ದುಡ್ಡು ಕೊಡಿ.

ಪ್ರಶ್ನೆ: ನಮ್ಮ ಅತ್ತೆಯವರು ವೀಣೆ ನುಡಿಸುತ್ತಿದ್ದರು. ಅವರ ಕೈಬರಹದ ಒಂದು ನೋಟುಬುಕ್ಕು ಇದೆ. ಮೇಲೆ 'ಸ್ವರಮೇಳಕಲಾನಿಧಿ' ಎಂದು ಕನ್ನಡ ಲಿಪಿಯಲ್ಲಿದೆ, ಒಳಗೆ ಸಂಸ್ಕೃತ. ಅಚ್ಚಿನ ಪುಸ್ತಕ ಇರುವಾಗ ಇದಕ್ಕೆ ಏನಾದರೂ ಬೆಲೆ ಇದೆಯೇ? (ಮಂಜೇಶ್ವರ)

ಉತ್ತರ: ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ. ಅದು ರಾಮಾಮಾತ್ಯನ ಗ್ರಂಥ. 1550ರಲ್ಲಿ, ವಿಜಯನಗರದ ಅಳಿಯ ರಾಮರಾಯನ ಕಾಲದಲ್ಲಿ ಬರೆದದ್ದು. ಐದೇ ಪ್ರಕರಣ, ಇಪ್ಪತ್ತು ಮೇಳ. 1932ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯ ಅಚ್ಚು ಹಾಕಿತು. ಅತ್ತೆಯವರು ಯಾರದೋ ಅಚ್ಚಿನ ಪ್ರತಿ ಎರವಲು ತಂದು, ನಾಲ್ಕು ದಿನದಲ್ಲಿ ತಿರುಗಿ ಕೊಡಬೇಕೆಂದು ರಾತ್ರಿ ಕೂತು ಬರೆದಿರಬಹುದು. ನಾವೆಲ್ಲ ಹಾಗೇ ಬರೆದುಕೊಂಡವರು. ಅಥವಾ ಓಲೆಯಿಂದಲೇ ಬರೆದಿದ್ದರೆ ಅದರ ತೂಕವೇ ಬೇರೆ. ಕೊನೆಯ ಪುಟ ನೋಡಿ. ನಕಲು ಮಾಡಿದವರು ತಾರೀಕನ್ನೂ, ಯಾವುದರಿಂದ ಬರೆದರು ಎನ್ನುವುದನ್ನೂ ಅಲ್ಲಿ ಬರೆದಿರುವುದು ಉಂಟು. ಅಚ್ಚಿನ ಪಾಠಕ್ಕೂ ಅವರ ಪಾಠಕ್ಕೂ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ತಿದ್ದಬೇಡಿ. ಪಕ್ಕದಲ್ಲಿ ಚೀಟಿ ಇಡಿ, ಸಾಕು.

ಮೂರನೇ ಪ್ರಕರಣ ವೀಣೆಯದ್ದು. ಯಾವ ಮೆಟ್ಟಿಲಿನಲ್ಲಿ ಯಾವ ಸ್ವರ ಹುಟ್ಟುತ್ತದೆ ಎಂದು ರಾಮಾಮಾತ್ಯ ಅಲ್ಲಿ ಒಂದೊಂದು ತಂತಿ ಹಿಡಿದು ಹೇಳುತ್ತಾನೆ. ವೀಣೆ ನುಡಿಸುವವರು ಅಲ್ಲಿ ಸುಮ್ಮನೆ ನಕಲು ಮಾಡಿ ಮುಂದೆ ಹೋಗಿರಲಾರರು, ಏನಾದರೂ ಗುರುತು ಹಾಕಿರುತ್ತಾರೆ. ಆ ಪುಟಗಳ ಫೋಟೋ ತೆಗೆದು ನನಗೆ ಕಳಿಸುತ್ತೀರಾ? ಅಂಚೂ ಬರಲಿ. ನನ್ನ ವೀಣೆಯ ಮೇಣ ಸಡಿಲವಾಗಿದೆ, ಬರುವ ತಿಂಗಳು ಮೆಟ್ಟಿಲುಗಳನ್ನು ಕಿತ್ತು ಹೊಸದಾಗಿ ಕೂರಿಸಬೇಕು. ಅದಕ್ಕೆ ಮೊದಲು ನಿಮ್ಮ ಅತ್ತೆಯವರು ಏನು ಬರೆದಿದ್ದಾರೆ ಎಂದು ಒಮ್ಮೆ ನೋಡುತ್ತೇನೆ.